ಅಪ್‌ಡೇಟ್: ಗುವಾಂಗ್‌ಝೌ ಪ್ರವಾಸ ಮುಗಿಸಿ ಬಂದೆವು

ಅಕ್ಟೋಬರ್ ಮಧ್ಯದಲ್ಲಿ ಚೀನಾದ ಗುವಾಂಗ್‌ಝೌ ನಗರ ನೋಡಲು ನಾಲ್ಕು ದಿನ ಸಾಕಾಗಬಹುದೇ ಎಂದು ನಾನು ಕೇಳಿದ್ದಾಗ, ಅಕ್ಟೋಬರ್ 15ರಿಂದ ಅಲ್ಲಿನ ದೊಡ್ಡ ವ್ಯಾಪಾರ ಮೇಳವಾದ ಕ್ಯಾಂಟನ್ ಮೇಳ ಆರಂಭವಾಗುವುದರಿಂದ ಹೋಟೆಲ್ ಬಾಡಿಗೆ ವಿಪರೀತ ಏರುತ್ತದೆ ಎಂದು ನೀವು ಎಚ್ಚರಿಸಿದ್ದಿರಿ. ಆ ಮಾತಿನಂತೆ ಪ್ರಯಾಣವನ್ನು ನವೆಂಬರ್ ಎರಡನೇ ವಾರಕ್ಕೆ ಮುಂದೂಡಿದ್ದು ಎಲ್ಲ ರೀತಿಯಿಂದಲೂ ಒಳ್ಳೆಯದಾಯಿತು.

ನನ್ನ ಮೂಲ ಪಟ್ಟಿಯಲ್ಲಿ ಇಲ್ಲದಿದ್ದ, ನಿಮ್ಮ ಸಲಹೆಯಿಂದಲೇ ಸೇರಿಸಿಕೊಂಡ ನಾನ್‌ಯುಯೆ ಎಂಬ ಪ್ರಾಚೀನ ರಾಜ್ಯದ ರಾಜನ ಸಮಾಧಿಯೇ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. 1983ರಲ್ಲಿ ಗುಡ್ಡವೊಂದನ್ನು ಅಗೆಯುವಾಗ ಬೆಳಕಿಗೆ ಬಂದ ಈ ಸಮಾಧಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಝಾವೊ ಮೋ ಎಂಬ ಅರಸನದು. ಕಲ್ಲಿನ ಕೋಣೆಗಳೊಳಗೆ ನಾವೇ ಇಳಿದು ನೋಡಬಹುದು. ರೇಷ್ಮೆ ದಾರದಿಂದ ಹೆಣೆದ, 2,291 ಹಸಿರುಕಲ್ಲಿನ ಬಿಲ್ಲೆಗಳ ಶವಕವಚದ ಮುಂದೆ ನಾವು ಬಹಳ ಹೊತ್ತು ಮೌನವಾಗಿ ನಿಂತಿದ್ದೆವು.

ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಬಂದ ಬೌದ್ಧ ಭಿಕ್ಷು ಬೋಧಿಧರ್ಮ ಮೊದಲು ಕಾಲಿಟ್ಟ ಸ್ಥಳವೆಂದು ಪರಂಪರೆ ನಂಬುವ ಹುವಾಲಿನ್ ದೇವಾಲಯವು, ನಮ್ಮ ಕಡೆಯವರು ತಪ್ಪಿಸಿಕೊಳ್ಳಬಾರದ ತಾಣವೆಂದು ನನಗನಿಸುತ್ತದೆ. 1894ರಲ್ಲಿ ಪೂರ್ಣಗೊಂಡ ಚೆನ್ ಕುಲದ ಭವನದ ಮಾಡಿನ ಮೇಲಿನ ಬಣ್ಣದ ಶಿಲ್ಪಗಳಿಗೆ ಅರ್ಧ ದಿನವಾದರೂ ಬೇಕು. 600 ಮೀಟರ್ ಎತ್ತರದ ಕ್ಯಾಂಟನ್ ಗೋಪುರವನ್ನು ನಾವು ಏರಲಿಲ್ಲ. ರಾತ್ರಿ ಪರ್ಲ್ ನದಿಯ ದಂಡೆಯಿಂದಲೇ ನೋಡಿ ತೃಪ್ತರಾದೆವು.

ಹೊರಡುವ ಮುನ್ನವೇ ಚೀನಾದ ಮೊಬೈಲ್ ಪಾವತಿ ಆ್ಯಪ್ ಅಲಿಪೇಗೆ ಬ್ಯಾಂಕ್ ಕಾರ್ಡ್ ಜೋಡಿಸಿಕೊಳ್ಳಿ ಎಂದವರಿಗೆ ವಿಶೇಷ ಕೃತಜ್ಞತೆಗಳು, ಏಕೆಂದರೆ ಮೆಟ್ರೋದಿಂದ ಹಣ್ಣಿನಂಗಡಿಯವರೆಗೆ ನಮಗೆ ನೆರವಾದದ್ದು ಅದೇ.