ಬೇರೆ ಧರ್ಮದವರ ಜೊತೆ ಸೇರಿ ಕೆಲಸ ಮಾಡಿದ ಬೌದ್ಧ ಗುಂಪಿನವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನಮ್ಮದು ಚಿಕ್ಕ ಗುಂಪು. ವಾರಕ್ಕೊಮ್ಮೆ ಸೇರುತ್ತೇವೆ, ವಂದನೆ, ಧ್ಯಾನ ಮುಗಿಸಿ ಮನೆಗೆ ಹೋಗುತ್ತೇವೆ. ಸುತ್ತಮುತ್ತಲಿನವರಿಗೆ ನಾವು ಯಾರು ಅಂತಲೇ ಗೊತ್ತಿಲ್ಲ. ಚರ್ಚ್, ಮಸೀದಿ, ದೇವಸ್ಥಾನದವರ ಜೊತೆ ಸೇರಿ ಏನಾದರೂ ಮಾಡುವ ಆಸೆ ಇದೆ. ಆದರೆ ಇವರು ಮತಾಂತರ ಮಾಡಲು ಬಂದಿದ್ದಾರೆ ಅಂದುಕೊಂಡುಬಿಟ್ಟರೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಅವರನ್ನು ಕರೆಯಬೇಡಿ, ನೀವೇ ಹೋಗಿ. ಒಂದು ಕಾರ್ಯಕ್ರಮ ಇಟ್ಟು ಎಲ್ಲರನ್ನೂ ಕರೆಯೋಣ ಅಂತ ಎಲ್ಲ ಗುಂಪಿಗೂ ಅನ್ನಿಸುತ್ತದೆ, ಆದರೆ ಪರಿಚಯವೇ ಇಲ್ಲದವರು ಕರೆದರೆ ಯಾರು ಬರುತ್ತಾರೆ ಹೇಳಿ. ಹತ್ತಿರದ ಚರ್ಚಿನವರು ರಕ್ತದಾನ ಶಿಬಿರ ಮಾಡುತ್ತಿದ್ದರು. ನಾವು ಹೋಗಿ ಏನಾದರೂ ಕೆಲಸ ಕೊಡಿ ಅಂತ ಕೇಳಿದೆವು. ಕುರ್ಚಿ ಹಾಕಿದೆವು, ಬಂದವರ ಹೆಸರು ಬರೆದುಕೊಂಡೆವು, ಕೊನೆಗೆ ನೆಲ ಗುಡಿಸಿದೆವು. ಬ್ಯಾನರ್ ಇಲ್ಲ, ಕರಪತ್ರ ಇಲ್ಲ. ಮುಂದಿನ ಶಿಬಿರಕ್ಕೆ ಅವರೇ ಫೋನ್ ಮಾಡಿ ಕರೆದರು.

ಮತಾಂತರದ ಅನುಮಾನ ಬಂದೇ ಬರುತ್ತದೆ. ಅದಕ್ಕೆ ನಾನು ಮಜ್ಝಿಮ ನಿಕಾಯದ, ಅಂದರೆ ಬುದ್ಧನ ಉಪದೇಶಗಳ ಒಂದು ಪಾಲಿ ಸಂಗ್ರಹದ, ಉಪಾಲಿಯ ಕಥೆ ಹೇಳುತ್ತೇನೆ. ಉಪಾಲಿ ನಿಗಂಠರ, ಅಂದರೆ ಜೈನ ಮುನಿಗಳ ಅನುಯಾಯಿ. ಬುದ್ಧನನ್ನು ವಾದದಲ್ಲಿ ಸೋಲಿಸುತ್ತೇನೆ ಅಂತ ಬಂದವನು, ಕೊನೆಗೆ ಬುದ್ಧನ ಮಾತಿಗೇ ಒಪ್ಪಿ ನಿನ್ನ ಶಿಷ್ಯನಾಗುತ್ತೇನೆ ಅಂದ. ಬುದ್ಧ ಅವನಿಗೆ ಚೆನ್ನಾಗಿ ಯೋಚಿಸಿ ನೋಡು ಅಂದ. ಅಷ್ಟೇ ಅಲ್ಲ, ನಿನ್ನ ಮನೆ ಇಷ್ಟು ಕಾಲ ನಿಗಂಠರಿಗೆ ಆಸರೆಯಾಗಿದೆ, ಅವರು ಬಂದರೆ ಭಿಕ್ಷೆ ಕೊಡುವುದನ್ನು ಬಿಡಬೇಡ ಅಂತಲೂ ಹೇಳಿದ. ಇದನ್ನು ಕೇಳಿದವರು ಸ್ವಲ್ಪ ಹೊತ್ತು ಮಾತೇ ಆಡುವುದಿಲ್ಲ. ಆಮೇಲೆ ಮಾತು ಬೇರೆ ಥರ ಇರುತ್ತದೆ.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದು ಸರಿ. ಬೇರೆ ಧರ್ಮದವರು ನಿಮ್ಮಲ್ಲಿಗೆ ಬರುವ ದಿನದ ಬಗ್ಗೆ ನಾನು ಹೇಳುತ್ತೇನೆ. ಅತಿಥಿಗಳಿಂದ ದಯವಿಟ್ಟು ತ್ರಿಸರಣ, ಅಂದರೆ ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನುವ ಸಾಲುಗಳನ್ನು, ಹೇಳಿಸಬೇಡಿ. ಬುದ್ಧಂ ಸರಣಂ ಗಚ್ಛಾಮಿ ಅನ್ನುವುದು ಸುಮ್ನೆ ಒಂದು ಪ್ರಾರ್ಥನೆಯ ಸಾಲಲ್ಲ, ಮನಸಾರೆ ಹೇಳಿದವರು ಉಪಾಸಕರು, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಗಳಾಗುತ್ತಾರೆ. ಹಾಗಿರುವಾಗ ಎಲ್ಲರೂ ಎದ್ದು ನಿಂತು ಹೇಳಿ ಅಂದರೆ ಅವರಿಗೆ ಎಷ್ಟು ಮುಜುಗರ ಆಗುತ್ತದೆ ಯೋಚಿಸಿ! ನಾವು ವಂದನೆ ಮಾಡುತ್ತೇವೆ, ನೀವು ಕೂತು ನೋಡಿದರೆ ಸಾಕು, ಬುದ್ಧನ ಮೂರ್ತಿಗೆ ಕೈ ಮುಗಿಯಲೇಬೇಕು ಅಂತ ಇಲ್ಲ ಅಂತ ಮೊದಲೇ ಹೇಳಿಬಿಡಿ. ಮುಸ್ಲಿಂ ಗೆಳೆಯರಿಗೆ ಈ ಒಂದು ಮಾತಿನಿಂದ ಎಷ್ಟೋ ನೆಮ್ಮದಿ. ಎಲ್ಲರಿಗೂ ಒಳ್ಳೆಯದಾಗಲಿ ಅಂತ ಮನಸ್ಸಿನಲ್ಲೇ ಹಾರೈಸುವ ಮೈತ್ರಿ ಧ್ಯಾನ ಮಾಡಿಸಿ, ಅದಕ್ಕೆ ಯಾವ ನಂಬಿಕೆಯೂ ಅಡ್ಡ ಬರುವುದಿಲ್ಲ.

ಸಮಯ ನೋಡಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ನಮಾಜು, ಭಾನುವಾರ ಬೆಳಿಗ್ಗೆ ಚರ್ಚ್. ರಂಜಾನ್ ತಿಂಗಳಲ್ಲಿ ಹಗಲು ಊಟ ಇಡಬೇಡಿ. ಥೇರವಾದ ಅನ್ನುವ ಬೌದ್ಧ ಪಂಥದ ಭಂತೇಜಿ (ಭಿಕ್ಷು) ಬರುವುದಾದರೆ ಅವರ ಊಟ ಮಧ್ಯಾಹ್ನ 12ರ ಒಳಗೆ ಮುಗಿಯಬೇಕು, ಇದು ನಿಮ್ಮವರಿಗೆ ಗೊತ್ತು, ಬೇರೆಯವರಿಗೆ ಗೊತ್ತಿರುವುದಿಲ್ಲ.

ಮತ್ತೊಬ್ಬರ ಉತ್ತರ: ಜಂಟಿ ಪ್ರಾರ್ಥನೆಯ ಬಗ್ಗೆ ಯಾರೂ ಹೇಳಲಿಲ್ಲ. ನಮಗೆ ಸೃಷ್ಟಿಕರ್ತ ದೇವರು ಇಲ್ಲ, ಅವರಿಗೆ ಅದೇ ಮೂಲ. ಎಲ್ಲರೂ ಒಂದೇ ಪ್ರಾರ್ಥನೆ ಹೇಳೋಣ ಅಂದಾಗ ಯಾರೋ ಒಬ್ಬರು ಮನಸ್ಸಿಗೆ ಒಪ್ಪದ್ದನ್ನು ಹೇಳಬೇಕಾಗುತ್ತದೆ. 1986ರ ಅಕ್ಟೋಬರ್ 27ರಂದು ಪೋಪ್ ಎರಡನೇ ಜಾನ್ ಪಾಲ್ ಇಟಲಿಯ ಅಸ್ಸಿಸಿಗೆ ಬೇರೆ ಬೇರೆ ಧರ್ಮದ ನಾಯಕರನ್ನು ಕರೆದಿದ್ದರು, ದಲೈ ಲಾಮಾ ಕೂಡ ಹೋಗಿದ್ದರು. ಅಲ್ಲಿ ಪ್ರತಿ ಧರ್ಮದವರೂ ಬೇರೆ ಬೇರೆ ಜಾಗದಲ್ಲಿ ಪ್ರಾರ್ಥನೆ ಮಾಡಿ, ಆಮೇಲೆ ಒಂದು ಕಡೆ ಸೇರಿದರು. ನಾವೂ ಹಾಗೆಯೇ ಮಾಡುತ್ತೇವೆ. ಒಬ್ಬೊಬ್ಬರು ತಮ್ಮದನ್ನು ಹೇಳುತ್ತಾರೆ, ಉಳಿದವರು ಸುಮ್ಮನೆ ಕೇಳುತ್ತಾರೆ. ಎಲ್ಲ ಧರ್ಮವೂ ಒಂದೇ ಅನ್ನುವ ಭಾಷಣ ನನಗಂತೂ ಇಷ್ಟವಿಲ್ಲ. ಬೇರೆ ಬೇರೆ ಇದ್ದೂ ಜೊತೆಗೆ ಕೂರಬಹುದು ಅಲ್ವಾ?

ಅಶೋಕನ 12ನೇ ಶಿಲಾಶಾಸನವನ್ನು ಗುಂಪಿನಲ್ಲಿ ಒಮ್ಮೆ ಓದಿ. ತನ್ನ ಪಂಥವನ್ನು ಮೆರೆಸಲು ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಜಾಸ್ತಿ ಹಾನಿ ಮಾಡುತ್ತಾನೆ ಅಂತ ಅದರಲ್ಲಿದೆ. ಮಾತಿನ ಮೇಲೆ ಹಿಡಿತ ಇರಲಿ ಅಂತಲೂ ಇದೆ. ಹೊರಗೆ ಹೋಗುವ ಮುಂಚೆ ನಮ್ಮವರಿಗೇ ಇದು ಬೇಕು.

ಕೊನೆಯದಾಗಿ ಒಂದು ಉತ್ತರ: ದಿನ ಹುಡುಕುತ್ತಿದ್ದರೆ ಫೆಬ್ರುವರಿ ಮೊದಲ ವಾರ ನೋಡಿ. 2010ರಲ್ಲಿ ವಿಶ್ವಸಂಸ್ಥೆ ಅದನ್ನು ಧರ್ಮಗಳ ಸೌಹಾರ್ದ ಸಪ್ತಾಹ ಅಂತ ಘೋಷಿಸಿದೆ, ಹಾಗಾಗಿ ಯಾವ ಧರ್ಮದ ಹಬ್ಬಕ್ಕೂ ಅಂಟಿಕೊಳ್ಳದೆ ಎಲ್ಲರನ್ನೂ ಕೇಳಬಹುದು. ಆದರೆ ಅದೊಂದೇ ವಾರಕ್ಕೆ ನಿಲ್ಲಿಸಬೇಡಿ. ತಿಂಗಳಿಗೊಮ್ಮೆ ಆಸ್ಪತ್ರೆಯ ರೋಗಿಗಳನ್ನು ನೋಡಿ ಬರುವಂಥ ಒಂದು ಸಣ್ಣ ಕೆಲಸ ಹಿಡಿಯಿರಿ, ಇಬ್ಬರೇ ಬಂದರೂ ನಡೆಸಿ, ಮಸೀದಿಯಿಂದ ಒಬ್ಬರು, ಚರ್ಚಿನಿಂದ ಒಬ್ಬರು, ದೇವಸ್ಥಾನದಿಂದ ಒಬ್ಬರು ಜೊತೆಗೆ ಬರುತ್ತೀರಾ ಅಂತ ಕೇಳಿ.