ಅಪ್‌ಡೇಟ್: ಮೆಥೊಟ್ರೆಕ್ಸೇಟ್ ಮಟ್ಟ ಎರಡು ಪರೀಕ್ಷೆಗಳಲ್ಲಿ ಎರಡು ಬಗೆ ಬಂದದ್ದು

ಕ್ಯಾನ್ಸರ್ ಔಷಧವಾದ ಮೆಥೊಟ್ರೆಕ್ಸೇಟ್‌ಗಾಗಿ ಪರೀಕ್ಷಿಸಿದ ಒಂದೇ ಪ್ಲಾಸ್ಮಾ ಮಾದರಿಗೆ ಇಮ್ಯುನೊಅಸೇ (ಪ್ರತಿಕಾಯ ಬಳಸಿ ಅಳೆಯುವ ಪರೀಕ್ಷೆ) ಹೆಚ್ಚು ಮಟ್ಟ ತೋರಿಸುತ್ತಿದೆ, ಲಿಕ್ವಿಡ್ ಕ್ರೊಮ್ಯಾಟೊಗ್ರಫಿ (ಕಾಲಮ್ ಎಂಬ ಕೊಳವೆಯಲ್ಲಿ ಹರಿಸಿ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ತೀರಾ ಕಡಿಮೆ. ಯಾವುದನ್ನು ನಂಬಲಿ ಎಂದು ಕೇಳಿದ್ದೆ. ರೋಗಿಗೆ ಗ್ಲುಕಾರ್ಪಿಡೇಸ್ ಎಂಬ ಕಿಣ್ವ ಕೊಟ್ಟಿದ್ದಾರೆಯೇ ವಿಚಾರಿಸಿ ಎಂದವರಿಗೆ ಮನಸಾರೆ ಧನ್ಯವಾದ. ಹೌದು, ಹಿಂದಿನ ದಿನವೇ ಕೊಟ್ಟಿದ್ದರು. ಆ ಕಿಣ್ವ ಮೆಥೊಟ್ರೆಕ್ಸೇಟನ್ನು ಗ್ಲುಟಮೇಟ್ ಮತ್ತು ಡಿಎಎಂಪಿಎ (ಔಷಧದ ಉಳಿದ ತುಣುಕು) ಆಗಿ ಒಡೆಯುತ್ತದೆ. ಇಮ್ಯುನೊಅಸೇಯ ಪ್ರತಿಕಾಯ ಡಿಎಎಂಪಿಎಯನ್ನೂ ಔಷಧವೆಂದೇ ಎಣಿಸುತ್ತದೆ. ಕಾಲಮ್‌ಗೆ ಆ ಗೊಂದಲವಿಲ್ಲ: ಅದರ ಫಲಿತಾಂಶದ ನಕ್ಷೆಯಾದ ನಮ್ಮ ಕ್ರೊಮ್ಯಾಟೊಗ್ರಾಮ್‌ನಲ್ಲಿ ಮೆಥೊಟ್ರೆಕ್ಸೇಟ್‌ನ ಪುಟ್ಟ ಶಿಖರ ಒಂದೆಡೆ, ಡಿಎಎಂಪಿಎಯ ಎತ್ತರದ ಶಿಖರ ಇನ್ನೊಂದೆಡೆ, ನಡುವೆ ಬೇಸ್‌ಲೈನ್ ಸ್ವಚ್ಛ. ಕಿಣ್ವ ಕೊಟ್ಟ ಮೊದಲ 48 ಗಂಟೆಗಳಲ್ಲಿ ಇಮ್ಯುನೊಅಸೇಯ ಅಂಕಿಯನ್ನು ನೆಚ್ಚುವಂತಿಲ್ಲ. ಮೆಥೊಟ್ರೆಕ್ಸೇಟ್‌ನ ವಿಷಪರಿಣಾಮದಿಂದ ಕಾಪಾಡುವ ಲ್ಯೂಕೊವೊರಿನ್ ಔಷಧವನ್ನು ಎಲ್ಲಿಯವರೆಗೆ ಮುಂದುವರಿಸಬೇಕೆಂಬುದು ಮೆಥೊಟ್ರೆಕ್ಸೇಟ್ ಮಟ್ಟವನ್ನೇ ಅವಲಂಬಿಸಿರುವಾಗ ಇದು ಸಣ್ಣ ಮಾತಲ್ಲ. ಇನ್ನು ಮುಂದೆ ಮಾದರಿಯ ಜೊತೆಗಿನ ಚೀಟಿಯಲ್ಲಿ ಗ್ಲುಕಾರ್ಪಿಡೇಸ್ ಕೊಟ್ಟ ಸಮಯವನ್ನು ಬರೆಯಲೇಬೇಕೆಂದು ವಾರ್ಡಿಗೆ ತಿಳಿಸಿದ್ದೇವೆ.