ಬೈಪೋಲಾರ್: ಆ ದಿನಗಳಲ್ಲಿ ಒಳಗೆ ಏನಾಗುತ್ತದೆ?

ಪ್ರಶ್ನೆ: ತಮ್ಮನಿಗೆ ಬೈಪೋಲಾರ್ ಟೈಪ್ 1 (ಮನಸ್ಸು ಒಮ್ಮೆ ಅತಿ ಉದ್ರೇಕಕ್ಕೆ, ಒಮ್ಮೆ ಡಿಪ್ರೆಶನ್‌ಗೆ ಜಾರುವ ಕಾಯಿಲೆ) ಅಂತ ಡಾಕ್ಟರು ಹೇಳಿದ್ದಾರೆ. ಮನಸ್ಸನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ಬರೆದುಕೊಟ್ಟಿದ್ದಾರೆ, ಅವನು ಬೇಡ ಅನ್ನುತ್ತಿದ್ದಾನೆ. ಅವನ ಒಳಗೆ ಏನು ನಡೆಯುತ್ತಿರಬಹುದು? ಅನುಭವಿಸಿದವರು ಹೇಳಿ.

ಉತ್ತರ 1: ನನಗೆ ಮೊದಲು ಹೋಗುವುದು ನಿದ್ದೆ. ಎರಡು ಗಂಟೆ ಮಲಗಿದರೂ ಸುಸ್ತೇ ಇರುವುದಿಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಯೋಚನೆ ನುಗ್ಗುತ್ತದೆ. ಸುತ್ತಲಿನವರೆಲ್ಲ ಮಂದ ಅನಿಸುತ್ತಾರೆ, ಮೈಯೆಲ್ಲ ಸಿಟ್ಟು. ಈ ಅತಿ ಉದ್ರೇಕಕ್ಕೇ ಮೇನಿಯಾ ಅನ್ನುವುದು; ಅದು ಬರೀ ಖುಷಿ ಅನ್ನುವವರು ಈ ಸಿಟ್ಟನ್ನು ಕಂಡಿಲ್ಲ. ಆಗ ಮಾಡಿದ ಸಾಲ ಇವತ್ತಿಗೂ ತೀರಿಲ್ಲ, ಆಗ ಆಡಿದ ಮಾತಿಗೆ ಅಕ್ಕ ಇನ್ನೂ ಫೋನ್ ಎತ್ತುವುದಿಲ್ಲ. ನನ್ನನ್ನು ಉಳಿಸಿದ್ದು ಲಿಥಿಯಂ. ಕೈ ನಡುಗುತ್ತದೆ, ಬಾಯಾರಿಕೆ ನಿಲ್ಲುವುದಿಲ್ಲ, ರಾತ್ರಿ ಮತ್ತೆ ಮತ್ತೆ ಏಳಬೇಕು. ಮಾತ್ರೆ ತಗೊಂಡ 12 ಗಂಟೆಗಳ ನಂತರ ಸರಿಯಾಗಿ ಪರೀಕ್ಷೆಗೆ ರಕ್ತ ಕೊಡಬೇಕು. ಕಿಡ್ನಿ, ಥೈರಾಯ್ಡ್ ಟೆಸ್ಟ್ ಬೇರೆ. ಆದರೂ ಬಿಡುವುದಿಲ್ಲ.

ಉತ್ತರ 2: ಎಲ್ಲರಿಗೂ ಒಂದೇ ಮದ್ದು ಅಂತ ಹೇಳಬೇಡಿ. ನನ್ನ ರಕ್ತದಲ್ಲಿ ಲಿಥಿಯಂ ಮಟ್ಟ 0.8 ಇತ್ತು, ರಿಪೋರ್ಟಿನಲ್ಲಿ ಎಲ್ಲ ಸರಿ. ನನಗೆ ಮಾತ್ರ ಓದಿದ ಸಾಲು ತಲೆಗೆ ಹತ್ತುತ್ತಿರಲಿಲ್ಲ. ತೂಕ ಏರಿತು, ಥೈರಾಯ್ಡ್ ಕೆಟ್ಟಿತು, ಅದಕ್ಕೊಂದು ಮಾತ್ರೆ ಸೇರಿತು. ಈಗ ಲ್ಯಾಮೊಟ್ರಿಜಿನ್ ಅನ್ನುವ ಬೇರೆ ಮಾತ್ರೆ. 25 ಮಿಲಿಗ್ರಾಂನಿಂದ ಶುರು, ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಮೈಮೇಲೆ ದದ್ದು ಎದ್ದರೆ ಅಪಾಯ. ದಿನಾ ಕನ್ನಡಿ ಮುಂದೆ ನಿಂತು ಚರ್ಮ ನೋಡಿಕೊಂಡಿದ್ದೇನೆ. ನನ್ನದು ಟೈಪ್ 2, ಪೂರ್ತಿ ಮೇನಿಯಾ ಬರುವುದಿಲ್ಲ, ಡಿಪ್ರೆಶನ್ನೇ ಹೆಚ್ಚು.

ಉತ್ತರ 1: ಟೈಪ್ 2 ಹಗುರದ್ದು. ಇವರ ತಮ್ಮನದು ಟೈಪ್ 1. ಲ್ಯಾಮೊಟ್ರಿಜಿನ್ ಮೇನಿಯಾ ಇಳಿಸುವುದಿಲ್ಲ. ಸುಮ್ನೆ ಗೊಂದಲ ಮಾಡಬೇಡಿ.

ಉತ್ತರ 2: ಹಗುರವಾ? ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದೇನೆ. ಹಲ್ಲುಜ್ಜಲು ಏಳಲಾಗಲಿಲ್ಲ. ಅಳು ಕೂಡ ಬರುತ್ತಿರಲಿಲ್ಲ. ಮಕ್ಕಳ ಮುಖ ನೋಡಿದರೂ ಒಳಗೆ ಏನೂ ಆಗುತ್ತಿರಲಿಲ್ಲ. ಆ ಮಾತು ವಾಪಸ್ ತಗೊಳ್ಳಿ.

ಉತ್ತರ 3: ಮೇನಿಯಾ, ಡಿಪ್ರೆಶನ್ ಎರಡೂ ಒಟ್ಟಿಗೆ ಬರುವ ಮಿಶ್ರ ಸ್ಥಿತಿಯ ಬಗ್ಗೆ ಇಬ್ಬರೂ ಹೇಳಲೇ ಇಲ್ಲ. ಡಿಪ್ರೆಶನ್ ಅಂತ ನನಗೆ ಬರೀ ಆಂಟಿಡಿಪ್ರೆಸೆಂಟ್ ಕೊಟ್ಟಿದ್ದರು. ಮನಸ್ಸು ಸಾವಿನ ಕಡೆ, ಮೈ ಮಾತ್ರ ಕೂತಲ್ಲಿ ಕೂರದು. ನಿದ್ದೆಯಿಲ್ಲ, ಹತಾಶೆ, ಜೊತೆಗೆ ಭಯಂಕರ ಹುರುಪು. ಬೈಪೋಲಾರ್ ಇದ್ದವರಿಗೆ ಅದೊಂದೇ ಮಾತ್ರೆ ಹೀಗೂ ಮಾಡಬಲ್ಲದು ಅಂತ ಯಾರೂ ಎಚ್ಚರಿಸಲಿಲ್ಲ. ನಿಮ್ಮ ತಮ್ಮನು ಸಾವಿನ ಮಾತಾಡಿದರೆ ಅವನನ್ನು ಒಬ್ಬನೇ ಬಿಡಬೇಡಿ, ಆವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಉತ್ತರ 1: ಲಿಥಿಯಂ ಶುರುವಾದರೆ ನೋವಿಗೆ ಐಬುಪ್ರೊಫೆನ್ ತಗೊಳ್ಳದಂತೆ ನೋಡಿಕೊಳ್ಳಿ, ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ನನಗೆ ವಾಂತಿ, ತೂರಾಟ ಎಲ್ಲ ಆಗಿತ್ತು.

ಉತ್ತರ 2: ಅದು ಸರಿ. ಹಗುರ ಅಂದಿದ್ದಕ್ಕೆ ಉತ್ತರ ಎಲ್ಲಿ?